ಮೂಲ್ಯಾಗಿನ ಬೆರಳು

ತಗಡಿನ ಮ್ಯಾಲ ನಿಂತು ಕೂಗೋದು ನನ್ನ ಕಸುಬು:
ಬಂತಾ? ಈಗ ಬಂತಾ? ಹೋತಾ?
ಹತ್ತೊಂಬತ್ತು ವರ್ಷದಾಗ
ದುಧನಿಯ ಎಷ್ಟು ಮಾಳಿಗಿ ಹತ್ತೀನಿ,
ಕೆಳಗಿಂದ ಯಾರರೇ ಒಬ್ಬರು
ಬಂತು ಮಶಾಕ, ಬಂತು, ಅಯ್ಯ ಹೋತಪಾ, ಅಂತ
ಒದರೇ ಒದರ್ಯಾರ.

ಬ್ಯಾಳಿ ಮಿಲ್ಲಿನ ಹಿಂದ, ರೇವಮ್ಮನ ಮನ್ಯಾಗ
ಕೆಳಗಿಂದ ಉತ್ತರ ಇಲ್ಲ.
ಆರನೇ ವರ್ಷಕ್ಕ ಬಂದ ಜ್ವರ
ಕಿವಿ ಎರಡೂ ಒಯ್ದು ಕಣ್ಣಷ್ಟೇ ಬಿಟ್ಟು ಹೋಗಿತ್ತು.
ಆ ಕಣ್ಣಿಗೇ ಮಿಲ್ಲಿನವರು ಪಗಾರ ಕೊಡತಾರ:
ತೊಗರಿ ಬ್ಯಾಳ್ಯಾಗ ಬ್ಯಾಳಿ ಬಣ್ಣದ್ದೇ ಹಳ್ಳು
ಮಂದಿ ಹಲ್ಲಿಗೆ ಸಿಗೋದಕ್ಕಿಂತ ಮೊದಲ
ಆಕಿ ಉಗುರಿಗೆ ಸಿಗತದ.

ಭಿಶಿ ಎತ್ತಿ ತಂದ ಟೀವಿ. ಮೂವತ್ತೆರಡು ಇಂಚು.
ಹಣೀಗೆ ಎಚ್‌ಡಿ ಅಂತ ಚೀಟಿ, ಇನ್ನೂ ಕಿತ್ತಿಲ್ಲ.
ರೇವಮ್ಮ ಆ ಚೀಟಿ ಮ್ಯಾಲ ಬೆರಳಿಟ್ಟಳು,
ಆಮ್ಯಾಲ ಪರದೆಯ ಬಲಗಡೆ ಮೂಲಿಗೆ.

ಸರಕಾರಿ ಚಾನೆಲ್ಲು, ಕನ್ನಡ ಸುದ್ದಿ.
ಮೂಲ್ಯಾಗ ಬೆಂಕಿಪೆಟ್ಟಿಗಿಯಷ್ಟು ಜಾಗ,
ಅದರಾಗ ನೀಲಿ ಕುಪ್ಪಸದಾಕಿ ನಿಂತು
ಸುದ್ದೀನ ಕೈಲೆ ಹೇಳತಾಳ.
ಎಷ್ಟೋ ಸಲ ಕಂಡಿದ್ದೆ, ನೋಡಿರಲಿಲ್ಲ.
ಐದೂ ಬೆರಳು ಕೂಡಿ ನಾದಿದ ಹಿಟ್ಟು,
ಕೈ ಜೋರು ತಿರುಗಿತಂದರ ಚೌಕ ಚೌಕ ಒಡೀತದ,
ತುಟಿ ಅನ್ನೋದು ಒಂದು ಕೆಂಪು ಕಲೆ.

ರೇವಮ್ಮ ಒಂದು ಹಿಡಿ ಬ್ಯಾಳಿ ತಂದು
ನನ್ನ ಅಂಗೈಗೆ ಹಾಕಿ, ಕಣ್ಣು ಮುಚ್ಚಿಸಿದಳು.
ಆರಿಸು, ಅಂದಂಗ.

ಕಂಪನೀಗೆ ಫೋನ್ ಹಚ್ಚಿದೆ.
ಹಿಂದಿಗೆ ಒಂದು, ಮರಾಠಿಗೆ ಎರಡು.
ಎರಡು ಒತ್ತಿ ಹದಿನೇಳು ನಿಮಿಷ ಕೊಳಲು ಕೇಳಿದೆ.
ಹುಡುಗ ಭಾಳ ಮರ್ಯಾದಸ್ಥ:
ಸರ್, ಆ ಚಾನೆಲ್ಲು ನಮ್ಮಲ್ಲಿ ಸಾದಾ ಅದ, ಎಚ್‌ಡಿ ಇಲ್ಲ.
ಕನ್ನಡ ಸೀರಿಯಲ್ಲು ಎಚ್‌ಡಿ ನಾಕು ಅವ, ಹಾಕಲೇನು?
ಸೀರಿಯಲ್ದಾಗ ಮೂಲಿ ಪೆಟ್ಟಿಗಿ ಇರತದೇನು, ಕೇಳಿದೆ.
ಅವಗ ತಿಳೀಲಿಲ್ಲ.
ಉಪಗ್ರಹದಾಗ ಜಾಗ ಇಲ್ಲ ಸರ್, ಅಂದ.

ಮುಗಿಲಿನಾಗ ಜಾಗ ಇಲ್ಲ!
ದಿನಾ ಅದರ ಕೆಳಗ ನಿಂತವ ನಾನು.
ಉಂಗುರ ಮಾರೋ ಚಾನೆಲ್ಲು, ಹೊಟ್ಟಿ ಇಳಿಸೋ ಪುಡಿ ಮಾರೋ ಚಾನೆಲ್ಲು
ಎಲ್ಲಾ ಹಿಡದು ಕೊಟ್ಟೀನಿ ಈ ಊರಿಗೆ,
ಹರಳು ಎಣಿಸಬಹುದು, ಹೊಟ್ಟಿ ಮಡಿಕಿ ಎಣಿಸಬಹುದು.
ಹುಡುಗ ದೂರು ಬರಕೊಂಡ. ನಂಬರು ಕೊಟ್ಟ.
ಹನ್ನೊಂದು ಅಂಕಿ.

ಬ್ಯಾರೆ ಉಪಗ್ರಹದಾಗ ಪುಕಟ ಬರತದ, ಹುಡುಕು,
ಅಂತ ಮೈಂದರ್ಗಿ ಇಸ್ಮಾಯಿಲ ಹೇಳಿದ್ದ.
ರವಿವಾರ ಶಾದಿಖಾನಾದ ದೊಡ್ಡ ಛತ್ರಿ,
ತಮ್ಮನ ಮನೀ ಹೊಸ ಡಬ್ಬಿ ತಂದು ತಗಡು ಹತ್ತಿದೆ.
ಬಂತಾ? ರೂಢಿ, ಒದರಿಬಿಟ್ಟೆ.
ಕಿಡಕ್ಯಾಗಿಂದ ಒಂದು ಕೈ ಹೊರಗ ಬಂತು.
ಮ್ಯಾಲ. ಎಡಕ್ಕ. ಕೂದಲೆಳೆಯಷ್ಟು. ತಡಿ.
ಇಷ್ಟು ಸ್ವಚ್ಛ ಇವತ್ತಿನ ತನಕ ಯಾರೂ ಹೇಳಿಲ್ಲ ನನಗ.

ಇಳದು ನೋಡಿದರ
ಮೂಲ್ಯಾಗ ಹತ್ತು ಬೆರಳು, ಉಗುರು ಸುದ್ದಾ.
ನೀಲಿ ಕುಪ್ಪಸದಾಕಿ ತೋರುಬೆರಳಿಗೆ
ಸಣ್ಣದೊಂದು ಗಾಯದ ಪಟ್ಟಿ.
ರೇವಮ್ಮ ಎದುರಿಗೆ ಕುಂತು ತನ್ನ ಕೈ ಎತ್ತಿದಳು.
ಯಾವ ಸಾಲೀಗೂ ಹೋದಾಕಿ ಅಲ್ಲ,
ಆರು ವರ್ಷ ಆ ಮಸುಕು ಡಬ್ಬಿನೇ ಮಾಸ್ತರು.
ಮಳಿ ಅನ್ನೋದಕ್ಕೋ, ಮನಿ ಅನ್ನೋದಕ್ಕೋ, ನನಗ ತಿಳೀದು,
ಆಕಿ ಹೆಬ್ಬೆರಳು ಒಳಗ ಮಡಚತಿದ್ದಳು.
ಪರದೆ ಮ್ಯಾಲಿನಾಕಿ ಹೊರಗ ಬಿಟ್ಟಿದ್ದಳು.
ರೇವಮ್ಮ ತನ್ನ ಹೆಬ್ಬೆರಳು ನೋಡಕೊಂಡಳು,
ಹಳ್ಳು ಸಿಕ್ಕಾಗ ನೋಡಿದಂಗ.
ಹೊರಗ ತಗದಳು.
ಆಮ್ಯಾಲ ಕಲಿತದ್ದೆಲ್ಲಾ ಒಂದೊಂದ ತಿದ್ದಿಕೋತ ಕುಂತಳು,
ನಕ್ಕೋತ, ನಡುವ ನಾಚಿ ಬಾಗಿಲ ಕಡೆ ನೋಡಿಕೋತ.

ಛತ್ರಿ ಶಾದಿಖಾನಾದ್ದು, ಡಬ್ಬಿ ತಮ್ಮಂದು.
ಗುರುವಾರ ನಿಕಾಹ್ ಅದ, ವಾಪಸ್ ಒಯ್ಯಬೇಕು.
ಅರ್ಜಿ ಎರಡು ಬರದೆ:
ಕಂಪನೀಗೆ ಮರಾಠ್ಯಾಗ, ಚಾನೆಲ್ಲಿಗೆ ಕನ್ನಡದಾಗ.
ಸಹಿ ಜಾಗದಾಗ ರೇವಮ್ಮ ಹೆಬ್ಬೆಟ್ಟು ಒತ್ತಿದಳು.
ಮಸಿ ಹೆಚ್ಚಾಗಿ ಗೆರಿ ಎಲ್ಲಾ ಕೂಡಿಬಿಟ್ಟವು.
ಬೆಳಕಿಗೆ ಹಿಡದು ನೋಡಿದಳು, ಹರದಳು.
ಮತ್ತ ಬರಿ, ಅಂದಳು ನನಗ,
ಕೈಲೆ.